ಲ್ಯಾಪ್‌ಟಾಪಿಗೊಂದು ಗಾದಿ

ಹಾಸಿಗೆ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಇದ್ದರೂ ಅದನ್ನು ಅವರು ಯಾವತ್ತೂ ಒಪ್ಪಿಕೊಂಡವರಲ್ಲ. ಹಾಗಂತ ಅವರೇನು ಶಾಲೆಯ ಮೇಷ್ಟ್ರಲ್ಲ. ಹತ್ತಿ ತುಂಬಿ ಹಾಸಿಗೆ, ದಿಂಬು, ಗಾದಿ ಹೊಲಿಯುವವರು. ಆದರೆ ಒಂದೇ ಒಂದು ದಿಂಬು ಕೊಳ್ಳಲು ಬಂದವರಿಗೂ ಬೆನ್ನುಮೂಳೆ, ನಿದ್ದೆ, ಮಕ್ಕಳನ್ನು ಬೆಳೆಸುವ ಬಗೆ, ಎಲ್ಲದರ ಮೇಲೂ ಒಂದೊಂದು ಪಾಠ ಮಾಡಿಯೇ ಕಳಿಸುತ್ತಿದ್ದರು. ಅದಕ್ಕೇ ಬೀದಿಯವರು ಆ ಹೆಸರಿಟ್ಟಿದ್ದರು. ಮೇಷ್ಟ್ರಿಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಪರದೆ. ಆ ಕಡೆ ಹತ್ತಿ ಹಿಂಜುವ ಯಂತ್ರ ಗುರ್ರೆಂದರೆ ಈ ಕಡೆ ಕುಕ್ಕರು ಕೂಗುತ್ತಿತ್ತು. ಮನೆಯಲ್ಲಿ ನಾಲ್ವರು: ಮೇಷ್ಟ್ರು, ಅವರ ಹೆಂಡತಿ, ಅವರ ತಾಯಿ, ಮತ್ತೆ ಮಗಳು. ಮೇಷ್ಟ್ರ ತಾಯಿಯನ್ನು ಮಗಳು ಅಜ್ಜಿ ಎನ್ನುತ್ತಿದ್ದಳು. ಆಮೇಲಾಮೇಲೆ ಮನೆಯವರೆಲ್ಲರಿಗೂ ಅವಳು ಅಜ್ಜಿಯೇ ಆಗಿಬಿಟ್ಟಳು.

ಮಗಳಿಗೆ ಮನೆಯಲ್ಲೇ ಕೂತು ಮಾಡುವ ಒಂದು ಕೆಲಸ ಸಿಕ್ಕಿತ್ತು. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳನ್ನು ನೋಡಿ ರೆಕಾರ್ಡು ಮಾಡಿ ಕಳಿಸಿದ ಮಾತನ್ನು ಇವಳು ಹೆಡ್‌ಫೋನು ಹಾಕಿಕೊಂಡು ಕೇಳಿ, ತಪ್ಪಿಲ್ಲದಂತೆ ಟೈಪು ಮಾಡಿ ಕಳಿಸಬೇಕು. ಸದ್ಯಕ್ಕೆ ಟ್ರಯಲ್ ಮೇಲೆ ಇದ್ದಳು. ಹೊತ್ತಿಗೆ ಸರಿಯಾಗಿ ಕೆಲಸ ಒಪ್ಪಿಸಿ ಟ್ರಯಲ್ ಮುಗಿಸಿದರೆ ಕಾಯಂ. ಅಲ್ಲಿ ಒಂದೇ ಒಂದು ಕಾಯಂ ಜಾಗವಿತ್ತು. ಅದಕ್ಕೆ ಇವಳ ಹಾಗೇ ಇನ್ನೊಬ್ಬಳೂ ಕಾದು ಕೂತಿದ್ದಳು.

ಲ್ಯಾಪ್‌ಟಾಪು ಮಾತ್ರ ನಿಮ್ಮದೇ ಇರಬೇಕು ಎಂದು ಆಫೀಸಿನವರು ಹೇಳಿದ್ದರು. ಮೇಷ್ಟ್ರೇ ಮಗಳ ಜೊತೆ ಹೋಗಿ ಆರಿಸಿದ್ದರು. ಅಂಗಡಿಯವನು ಮೆಮೊರಿ, ಪ್ರೊಸೆಸರು ಎಂದು ಏನೇನೋ ಹೇಳುತ್ತಿದ್ದರೆ ಇವರು ಕೀಬೋರ್ಡನ್ನು ಅಂಗೈಯಲ್ಲಿ ಒತ್ತಿ ನೋಡಿ, "ಇದೇ ಇರ್ಲಿ, ಗಟ್ಟಿ ಇದೆ," ಎಂದರು. ಹಾಸಿಗೆಯನ್ನೂ ಅವರು ಹಾಗೇ ನೋಡುತ್ತಿದ್ದುದು.

ಆ ಗಟ್ಟಿ ಮಾಲು ಕೆಲವೇ ದಿನಗಳಲ್ಲಿ ಕಾಯತೊಡಗಿತು. ಮೊದಮೊದಲು ಬೆಚ್ಚಗೆ, ಆಮೇಲೆ ಬಿಸಿ. ಒಳಗಿನ ಫ್ಯಾನು ಬೀಸುವ ಸದ್ದು ಅಡುಗೆಮನೆಗೂ ಕೇಳಿಸುತ್ತಿತ್ತು.

"ಇದರ ಮೇಲೆ ಬ್ರೆಡ್ಡು ಇಟ್ರೆ ಕೆಂಪಗಾಗುತ್ತೆ," ಎಂದಳು ಅಜ್ಜಿ, ಮುಟ್ಟಿ ನೋಡಿ. "ಗ್ಯಾಸು ಉಳೀತು ಬಿಡು."

"ಅಜ್ಜಿ, ತಮಾಷೆ ಮಾಡ್ಬೇಡ. ಮಧ್ಯೆ ಆಫ್ ಆದ್ರೆ ನನ್ನ ಕತೆ ಮುಗೀತು."

ಲ್ಯಾಪ್‌ಟಾಪು ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರು. ಮೊದಲು ಹಾಡು ಬಂತು. ಆಮೇಲೆ ಒಂದು ಒತ್ತಿ, ಎರಡು ಒತ್ತಿ. ಮತ್ತೆ ಹಾಡು. ಮಗಳು ಸ್ಪೀಕರಿಗೆ ಹಾಕಿ ತಲೆ ಬಾಚಿಕೊಂಡಳು, ಅಜ್ಜಿ ಸೊಪ್ಪು ಬಿಡಿಸಿ ಮುಗಿಸಿದಳು. ಕೊನೆಗೊಬ್ಬ ಬಂದ. ತುಂಬಾ ಮರ್ಯಾದಸ್ತ. ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ ಎಂದ, ಕ್ಷಮೆ ಕೇಳಿದ, ಆಫ್ ಮಾಡಿ ಆನ್ ಮಾಡಿ ಎಂದ, ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದ.

"ಮೇಜಿನ ಮೇಲೆ ಸಾರ್."

"ಬಹಳ ಸಂತೋಷ. ನಿಮ್ಮ ದೂರು ದಾಖಲಾಗಿದೆ. ನಮ್ಮವರು ನಿಮಗೆ ಫೋನ್ ಮಾಡ್ತಾರೆ."

ಯಾರೂ ಮಾಡಲಿಲ್ಲ. ಮತ್ತೆ ಇವಳೇ ಮಾಡಿದರೆ ಬೇರೆ ಒಬ್ಬಳು ಬಂದು ಎಲ್ಲವನ್ನೂ ಮೊದಲಿನಿಂದ ಹೇಳಿಸಿದಳು. ಮೂರನೆಯವನು ವಿಡಿಯೊ ಕಳಿಸಿ ಎಂದ. ಬಿಸಿಯ ವಿಡಿಯೊ ಹೇಗೆ ತೆಗೆಯುವುದೆಂದು ತಾಯಿ ಮಗಳು ತಲೆ ಕೆಡಿಸಿಕೊಂಡರು.

"ಹಾಡು ಚೆನ್ನಾಗಿದೆ," ಎಂದಳು ಅಜ್ಜಿ. "ಮಾತಾಡೋಕೆ ಬಿಡಬಾರದಿತ್ತು ಇವರನ್ನ."

ಆಗ ಮೇಷ್ಟ್ರು ಪರದೆ ಸರಿಸಿಕೊಂಡು ಒಳಗೆ ಬಂದರು. ಮೈ ತುಂಬಾ ಹತ್ತಿ, ಹುಬ್ಬಿನ ಮೇಲೂ ಹತ್ತಿ.

"ಬಿಸಿ ಆಗ್ತಿದೆ ಅಂದ್ರೆ ತಂಪು ಮಾಡ್ಬೇಕು, ಅಷ್ಟೇ ತಾನೇ? ಅದಕ್ಕೆ ಅವರನ್ನೇನು ಕೇಳೋದು? ಸ್ಪಂಜಿನ ಮೇಲೆ ಮಲಗಿ ಬೆನ್ನು ಬೆಂದುಹೋಗಿದೆ ಅಂತ ದಿನಾ ಜನ ಬರ್ತಾರೆ ನನ್ನ ಹತ್ರ. ಹತ್ತಿ ಹಾಸಿಗೆ ಕೊಡ್ತೀನಿ. ಮರುದಿನ ಬಂದು ಏನಂತಾರೆ? ತಂಪಾಗಿದೆ ಮೇಷ್ಟ್ರೇ ಅಂತಾರೆ. ಹತ್ತಿಯಷ್ಟು ತಂಪು ಇನ್ನೊಂದಿಲ್ಲ."

"ಅಪ್ಪ, ಅದು ಮನುಷ್ಯರಿಗೆ."

"ಬಿಸಿ ಬಿಸೀನೇ. ಮನುಷ್ಯರದ್ದಾದ್ರೇನು, ಮೆಷಿನ್ನಿಂದಾದ್ರೇನು?"

ಸಂಜೆಯೊಳಗೆ ಹೊಲಿದುಕೊಟ್ಟರು. ನೀಲಿ ಗೆರೆಯ ಬಟ್ಟೆ, ಒಳಗೆ ತಾವೇ ಕೈಯಾರೆ ಬಿಡಿಸಿದ ಹತ್ತಿ, ನಾಲ್ಕೂ ಮೂಲೆಗೆ ಗೊಂಡೆ. ಲ್ಯಾಪ್‌ಟಾಪಿನ ಅಳತೆಗೆ ಅಚ್ಚುಕಟ್ಟಾದ ಪುಟ್ಟ ಗಾದಿ. ಹಸುಗೂಸಿಗೆ ಹೊಲಿಯುವಾಗ ಪಡುವಷ್ಟೇ ಮುತುವರ್ಜಿಯಿಂದ ಹೊಲಿದಿದ್ದರು. ಮಗಳು ಅದನ್ನೂ ನೋಡಿದಳು, ಅಪ್ಪನ ಮುಖವನ್ನೂ ನೋಡಿದಳು, ಲ್ಯಾಪ್‌ಟಾಪನ್ನು ಎತ್ತಿ ಅದರ ಮೇಲೆ ಮಲಗಿಸಿದಳು.

"ಹಾಂ. ಈಗ ನೋಡು," ಎಂದರು ಮೇಷ್ಟ್ರು.

ನೋಡಿದರು. ಇನ್ನೂ ಜಾಸ್ತಿ ಕಾಯಿತು. ಅದರ ಕೆಳಗಿದ್ದ ಸಣ್ಣ ಸಣ್ಣ ಸೀಳುಗಳು ಗಾಳಿ ಎಳೆದುಕೊಳ್ಳುವುದಕ್ಕೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮಗಳಿಗೆ ಏನೋ ಸರಿಯಿಲ್ಲ ಅನ್ನಿಸಿದ್ದು ನಿಜ. ಒಮ್ಮೆ ಗಾದಿಯನ್ನು ತೆಗೆದು ಪಕ್ಕಕ್ಕೂ ಇಟ್ಟಳು. ಅಪ್ಪ ಟೀ ಕುಡಿಯಲು ಒಳಗೆ ಬಂದವರು, "ಯಾಕೆ, ಬೇಡ್ವಾ?" ಎಂದು ಮುಖ ಸಣ್ಣ ಮಾಡಿಕೊಂಡರು. ಮತ್ತೆ ಹಾಕಿದಳು.

ಮುಂದಿನ ಸಲ ಸಹಾಯವಾಣಿಯವನು ಅದೇ ಪ್ರಶ್ನೆಯನ್ನು ಬಿಡಿಸಿ ಕೇಳಿದ: "ಹಾಸಿಗೆ, ದಿಂಬು, ಬಟ್ಟೆ, ಇಂಥದ್ದರ ಮೇಲೆ ಏನಾದ್ರೂ ಇಟ್ಟಿದೀರಾ ಮೇಡಂ?"

ಮಗಳು ಗಾದಿಯ ಗೊಂಡೆಗಳನ್ನೊಮ್ಮೆ ನೋಡಿದಳು. "ಇಲ್ಲ ಸಾರ್. ಮೇಜಿನ ಮೇಲೆ."

ಪರದೆಯ ಆಚೆ ಮೇಷ್ಟ್ರಿಗೆ ಅದು ಕೇಳಿಸಿತು. ಹುಡುಗಿ ಜಾಣೆ ಎಂದುಕೊಂಡರು. ಇದ್ದದ್ದೆಲ್ಲ ಹೇಳಿದರೆ ಅದನ್ನೇ ಹಿಡಿದುಕೊಂಡು ಜಾರಿಕೊಳ್ಳುವ ಜನ. ಆಮೇಲೆ ಒಳಗೆ ಬಂದು, "ಒಳ್ಳೇದು ಮಾಡ್ದೆ," ಎಂದು ಬೆನ್ನು ತಟ್ಟಿದರು.

ಒಂದು ದಿನ ಮಧ್ಯಾಹ್ನ, ಯಾವುದೋ ರೋಗಿಯ ಹೊಟ್ಟೆಯ ಆಪರೇಷನ್ನಿನ ವರದಿ ಮುಕ್ಕಾಲು ಮುಗಿದಿರುವಾಗ, ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಮತ್ತೆ ತೆರೆಯಲಿಲ್ಲ. ಆಫೀಸಿನ ಮೇಡಂ ಫೋನು ಮಾಡಿ, ಡಾಕ್ಟರು ಕಾಯುತ್ತಿದ್ದಾರೆ, ನಿಮ್ಮ ಕೆಲಸ ಎಲ್ಲಿ ಎಂದು ಕೇಳಿದರು. ಮಗಳು ಫೋನು ಹಿಡಿದುಕೊಂಡೇ ಅತ್ತಳು. ಬೇರೇನು ಮಾಡುವುದೂ ಅವಳ ಕೈಯಲ್ಲಿರಲಿಲ್ಲ.

ಲ್ಯಾಪ್‌ಟಾಪು ಸರ್ವಿಸ್ ಸೆಂಟರಿಗೆ ಹೋಯಿತು. ಇನ್ನೊಂದು ವಾರ ಎಂದರು. ಪಾರ್ಟು ಬರಬೇಕು ಎಂದರು. ಪಾರ್ಟು ಬಂದಿದೆ, ಹಾಕುವವರು ರಜೆ ಎಂದರು. ಅಷ್ಟು ದಿನವೂ ಮಗಳು ಗೆಳತಿಯ ಮನೆಗೆ ಹೋಗಿ ಅವಳ ಲ್ಯಾಪ್‌ಟಾಪು ಖಾಲಿ ಇದ್ದಾಗ ಕೂತು ಟೈಪು ಮಾಡುತ್ತಿದ್ದಳು. ಅವರ ಮನೆಯವರು ಒಳ್ಳೆಯವರೇ. ಆದರೆ ಊಟದ ಹೊತ್ತಿಗೆ ಇವಳು ಅಲ್ಲೇ ಕೂತಿದ್ದರೆ ಅವರಿಗೂ ಮುಜುಗರ, ಇವಳಿಗೂ ಮುಜುಗರ. ಹಸಿದುಕೊಂಡೇ ಮನೆಗೆ ಬಂದು ತಾಯಿಯ ಮೇಲೆ ರೇಗುತ್ತಿದ್ದಳು.

"ಡಬ್ಬಿ ತಗೊಂಡು ಹೋಗು ಅಂದ್ರೆ ಕೇಳಲ್ಲ," ಎನ್ನುತ್ತಿದ್ದಳು ತಾಯಿ.

"ಇನ್ನೊಬ್ಬರ ಮನೇಲಿ ಕೂತು ನಮ್ಮ ಡಬ್ಬಿ ಬಿಚ್ಚಿ ತಿನ್ಲಾ? ಅದಕ್ಕಿಂತ ಉಪವಾಸ ವಾಸಿ."

"ಉಪವಾಸ ಇದ್ದವಳ ಬಾಯಿ ಇಷ್ಟು ಜೋರಾಗಿ ಇರಲ್ಲ," ಎನ್ನುತ್ತಿದ್ದಳು ಅಜ್ಜಿ ಮೂಲೆಯಿಂದ.

ಆಫೀಸಿನ ಮೇಡಂ ಕೆಟ್ಟವರಲ್ಲ. ತಪ್ಪು ಕಂಪನಿಯದೇ ಆದರೆ ಅವರ ರಿಪೋರ್ಟು ಕಳಿಸಿ, ನಾನು ಮೇಲಿನವರಿಗೆ ತೋರಿಸಿ ನಿಮಗೆ ಸ್ವಲ್ಪ ಸಮಯ ಕೊಡಿಸುತ್ತೇನೆ ಎಂದಿದ್ದರು. ಎಲ್ಲವೂ ಆ ಒಂದು ರಿಪೋರ್ಟಿನ ಮೇಲೆ ನಿಂತಿತ್ತು. "ನಾನು ಹೋಗಿ ತರ್ತೀನಿ. ಅವರ ನೀರಿಳಿಸಿ ತರ್ತೀನಿ," ಎಂದು ಮೇಷ್ಟ್ರು ಅಂಗಡಿಗೆ ಅರ್ಧ ಬಾಗಿಲು ಹಾಕಿ ಹೊರಟರು.

ಸರ್ವಿಸ್ ಸೆಂಟರು ಮಹಡಿಯ ಮೇಲೆ. ಗಾಜಿನ ಬಾಗಿಲು, ಏಸಿ, ಸಾಲಾಗಿ ಕುರ್ಚಿ. ಕೂತವರೆಲ್ಲರ ಮಡಿಲಲ್ಲೂ ಒಂದೊಂದು ಕೆಟ್ಟ ಲ್ಯಾಪ್‌ಟಾಪು, ಮುಖದ ಮೇಲೆ ಒಂದೇ ಬಗೆಯ ಸಿಟ್ಟು. ಮೇಷ್ಟ್ರು ಟೋಕನ್ ತೆಗೆದುಕೊಂಡು ಕೂತು, ಕರೆಯುವವರೆಗೂ ಅಕ್ಕಪಕ್ಕದವರಿಗೆ ತಮ್ಮ ಪಾಡು ಹೇಳಿ ಅವರ ಪಾಡು ಕೇಳಿದರು. ಕೌಂಟರಿನಲ್ಲಿ ಇವರ ಮಗಳ ವಯಸ್ಸಿನದೇ ಒಬ್ಬ ಹುಡುಗಿ ಇದ್ದಳು.

"ಸಾರ್, ಇದು ಗ್ಯಾರಂಟೀಲಿ ಬರಲ್ಲ."

"ಯಾಕೆ ಬರಲ್ಲ? ವರ್ಷ ಆಗಿಲ್ಲ ತಗೊಂಡು."

"ಒಳಗೆ ಫ್ಯಾನಿಗೆ ಬಟ್ಟೆ, ಹತ್ತಿ ಸಿಕ್ಕಿಕೊಂಡಿದೆ ಸಾರ್. ಬಳಸೋರ ತಪ್ಪಾದ್ರೆ ಕಂಪನಿ ಒಪ್ಪಲ್ಲ. ನೋಡಿ, ಫೋಟೋ ಇದೆ."

ಅವಳು ತನ್ನ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದಳು.

ಮೇಷ್ಟ್ರು ಬಗ್ಗಿ ನೋಡಿದರು. ಫ್ಯಾನು ಕಾಣಿಸುತ್ತಲೇ ಇರಲಿಲ್ಲ. ಹತ್ತಿ ಒತ್ತೊತ್ತಾಗಿ ಕೂತಿತ್ತು. ಯಂತ್ರ ಹಿಂಜಿದ್ದಾದರೆ ಯಾರ ಅಂಗಡಿಯದ್ದೋ ಅನ್ನಬಹುದಿತ್ತು. ಇದು ಕೈಯಲ್ಲಿ ಬಿಡಿಸಿದ ಉದ್ದ ಎಳೆ. ಅದರ ನಡುವೆ ನೀಲಿ ನೂಲಿನ ಒಂದು ತುಣುಕು ಬೇರೆ. ತಮ್ಮ ಕೈಯ ಹತ್ತಿಯನ್ನು ಗುರುತಿಸಲಾರದಷ್ಟು ಕುರುಡರೇನಲ್ಲ ಅವರು. ನೋಡಿದ ತಕ್ಷಣ ಎಲ್ಲವೂ ಗೊತ್ತಾಗಿಹೋಯಿತು.

ಆ ಒಂದು ಕ್ಷಣದಲ್ಲಿ ಸುಮ್ಮನೆ ತಲೆಯಾಡಿಸಿ, ಹೌದಮ್ಮ ಎಂದಿದ್ದರೆ ಕತೆ ಬೇರೆಯಾಗುತ್ತಿತ್ತೇನೋ. ಆದರೆ ಹಿಂದೆ ಅಷ್ಟು ಜನ ಕೂತಿದ್ದರು. ಅವರೆಲ್ಲರ ಮುಂದೆ ಈಗಷ್ಟೇ ಕಂಪನಿಯ ಜನ್ಮ ಜಾಲಾಡಿ ಬಂದಿದ್ದರು. ಮೇಷ್ಟ್ರ ಬಾಯಿ ತಾನಾಗಿಯೇ ತೆರೆಯಿತು.

"ಇದು ನಮ್ಮದಲ್ಲ!"

"ಸಾರ್, ಸೀರಿಯಲ್ ನಂಬರ್..."

"ಯಾರದ್ದೋ ಮೆಷಿನ್ನಿನ ಫೋಟೋ ತೋರಿಸಿ ನಮಗೆ ಟೋಪಿ ಹಾಕ್ತೀರಾ? ನಾವು ಬಟ್ಟೆ ಹತ್ರಕ್ಕೂ ತಂದಿಲ್ಲ. ಮೇಜಿನ ಮೇಲೇ ಇರೋದು ಅದು! ಸುಳ್ಳು ಹೇಳೋಕೆ ಸಂಬಳ ಕೊಡ್ತಾರಾ ನಿಂಗೆ? ಮನೇಲಿ ಅಪ್ಪ ಅಮ್ಮ ಕಲಿಸಿದ್ದು ಇದೇನಾ?"

"ನಾನು ಬರೀ ತೋರಿಸ್ತಿದೀನಿ ಸಾರ್," ಎಂದಳು ಹುಡುಗಿ.

ಕುರ್ಚಿಯಲ್ಲಿ ಕೂತಿದ್ದವರು ಎದ್ದು ನಿಂತರು. "ಸರಿಯಾಗಿ ಕೇಳಿದ್ರಿ ಯಜಮಾನ್ರೇ!" ಎಂದ ಒಬ್ಬ. "ನಮಗೂ ಹೀಗೇ ಯಾರದ್ದೋ ಫೋಟೋ ತೋರಿಸಿದ್ರು," ಎಂದಳು ಇನ್ನೊಬ್ಬಳು. ಯಾರೋ ಬೆನ್ನು ತಟ್ಟಿದರು. ಕೌಂಟರಿನ ಹುಡುಗಿ ಕಣ್ಣು ಒರೆಸಿಕೊಳ್ಳುತ್ತಾ ಒಳಗಿನವರನ್ನು ಕರೆಯಲು ಹೋದಳು. ಮೇಷ್ಟ್ರು ರಿಪೋರ್ಟಿಗೂ ಕಾಯದೆ, ಯಾವುದಕ್ಕೂ ಸಹಿ ಹಾಕದೆ, ಗೆದ್ದವರ ಹಾಗೆ ಬಾಗಿಲು ನೂಕಿಕೊಂಡು ಹೊರಗೆ ಬಂದರು. ಮೆಟ್ಟಿಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತರು. ಅಷ್ಟು ನಾಚಿಕೆ ಅವರಿಗೆ ಜೀವಮಾನದಲ್ಲಿ ಆಗಿರಲಿಲ್ಲ.

ಮನೆಯಲ್ಲಿ ಮೂವರೂ ಕಾಯುತ್ತಿದ್ದರು.

"ಏನಂದ್ರು?" ಎಂದಳು ಹೆಂಡತಿ.

"ಏನಂತಾರೆ? ಕಳ್ಳರು. ಏನೇನೋ ನೆಪ. ಎಲ್ಲರ ಮುಂದೆ ತೊಳೆದುಹಾಕಿ ಬಂದೆ."

"ರಿಪೋರ್ಟು?" ಎಂದಳು ಮಗಳು.

"ಕೊಡಲ್ವಂತೆ."

"ನೆಪ ಅಂದ್ರೆ ಏನು ಅಂದ್ರು ಅಪ್ಪ?"

ಮೇಷ್ಟ್ರು ತಟ್ಟೆಗೆ ಕೈ ಹಾಕಿ, "ಧೂಳಂತೆ," ಎಂದರು.

ಅಷ್ಟೇ ಸಾಕಾಯಿತು. ಮಗಳಿಗೆ ಅಪ್ಪನ ಮಾತಿನ ಮೇಲೆ ನಂಬಿಕೆ. ಗೆಳತಿಯ ಮನೆಗೆ ಹೋಗಿ ಕಂಪನಿಯ ಮೇಲಧಿಕಾರಿಗಳಿಗೆ ಖಾರವಾಗಿ ಮೇಲ್ ಬರೆದಳು. ನಾವು ಯಾವ ಬಟ್ಟೆಯ ಮೇಲೂ ಇಟ್ಟಿಲ್ಲ, ನಮ್ಮ ತಂದೆಯವರನ್ನು ಅವಮಾನ ಮಾಡಿ ಕಳಿಸಿದ್ದೀರಿ, ನಿಮ್ಮ ಹತ್ತಿರ ಇರುವ ರಿಪೋರ್ಟನ್ನು ತಕ್ಷಣ ಕಳಿಸಿ, ಎಂದು. ಬಟ್ಟೆಯ ಮೇಲೆ ಇಟ್ಟಿಲ್ಲ ಎಂದು ಮೊದಲೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಈಗ ಅದನ್ನು ನುಂಗುವಂತಿರಲಿಲ್ಲ. ಬರೀ ಧೂಳು ತಾನೇ, ಹತ್ತಿಯ ವಿಷಯ ಅವರಿಗೆ ಗೊತ್ತೇ ಆಗಿಲ್ಲ ಎಂಬ ಧೈರ್ಯ. ಅದೇ ಧೈರ್ಯದಲ್ಲಿ ಆಫೀಸಿನ ಮೇಡಂಗೂ ಮೇಲ್ ಹೋಗುವ ಹಾಗೆ ಅವರ ವಿಳಾಸವನ್ನೂ ಸೇರಿಸಿದಳು. ಕಂಪನಿಯ ಉತ್ತರ ಬಂದರೆ ಅವರಿಗೂ ನೇರವಾಗಿ ತಲುಪಲಿ ಎಂದು.

ಬರೆದು ಬಂದು ಅದನ್ನು ಊಟಕ್ಕೆ ಕೂತಾಗ ಎಲ್ಲರಿಗೂ ಓದಿ ಹೇಳಿದಳು. "ಅವಮಾನ" ಎಂಬ ಮಾತು ಬಂದಾಗ ಮೇಷ್ಟ್ರು ತುತ್ತನ್ನು ತಟ್ಟೆಗೆ ಇಳಿಸಿದರು. ಹೇಳಿಬಿಡಬೇಕು ಅನ್ನಿಸಿತು. ನೀರು ಕುಡಿದರು.

"ಚೆನ್ನಾಗಿದೆ," ಎಂದರು.

ಮರುದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಆ ಪುಟ್ಟ ಗಾದಿಯನ್ನು ಅಂಗಡಿಗೆ ಒಯ್ದು, ಹೊಲಿಗೆ ಬಿಚ್ಚಿ, ಹತ್ತಿಯನ್ನು ಯಾರದ್ದೋ ದಿಂಬಿಗೆ ಸೇರಿಸಿದರು. ಬಟ್ಟೆಯನ್ನು ಯಂತ್ರ ಒರೆಸುವ ಚಿಂದಿಗಳ ಗಂಟಿಗೆ ಹಾಕಿದರು. ಗೊಂಡೆಗಳನ್ನು ಮಾತ್ರ ಎಲ್ಲಿ ಬಿಸಾಡುವುದೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡರು. ತಮ್ಮ ಕೈಯ ಕೆಲಸವನ್ನು ಹೀಗೆ ಕದ್ದು ಬಿಚ್ಚಿದ್ದು ಅದೇ ಮೊದಲು.

"ಗಾದಿ ಎಲ್ಲಪ್ಪ?" ಎಂದು ಮಗಳು ಸಂಜೆ ಕೇಳಿದಳು.

"ಒಗೆಯೋಕೆ ಹಾಕಿದೀನಿ."

ಹತ್ತಿ ತುಂಬಿದ್ದನ್ನು ಒಗೆಯುವುದಿಲ್ಲ ಎಂದು ಆ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಮಗಳು ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆವತ್ತಿನಿಂದ ಅವಳು ಕಂಪನಿಯನ್ನು ಬೈಯುವುದು ನಿಲ್ಲಿಸಿದಳು. ಅಜ್ಜಿಗೆ ಮನೆ ಬಿಕೋ ಎನ್ನತೊಡಗಿತು.

"ಯಾಕೆ, ಜಗಳ ಮುಗೀತಾ? ಯಾರು ಗೆದ್ರು?" ಎಂದು ಕೇಳಿದಳು.

ಮೇಷ್ಟ್ರು ಪರದೆ ಸರಿಸಿ ಅಂಗಡಿಗೆ ಹೋದರು.

ಅಷ್ಟು ದಿನ ಉತ್ತರ ಕೊಡದ ಕಂಪನಿ ಮಗಳ ಮೇಲ್‌ಗೆ ಮಾತ್ರ ಬೇಗ ಕೊಟ್ಟಿತು. ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದಾಗ ಮಗಳ ಫೋನು ಟಿಣ್ ಎಂದಿತು. ಅವಳು ಎಡಗೈಯಲ್ಲಿ ತೆರೆದು ನೋಡಿದಳು. ನೋಡುತ್ತಾ ನೋಡುತ್ತಾ ತುತ್ತು ಕೈಯಲ್ಲೇ ಉಳಿಯಿತು. ರಿಪೋರ್ಟಿನ ಜೊತೆ ಒಳಗಿನ ಫ್ಯಾನಿನ ಫೋಟೋ ಇತ್ತು.

"ಏನಂತೆ?" ತಾಯಿ ಬಗ್ಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದಳು. "ಇದೇನಿದು, ಹತ್ತಿ? ನೀಲಿ ನೂಲು ನಮ್ಮ ಗೆರೆ ಬಟ್ಟೇದಲ್ವೇನ್ರೀ?"

"ನೀಲಿ ಗೆರೆ ಬಟ್ಟೆ ಎಲ್ಲರ ಮನೇಲೂ ಇರುತ್ತೆ," ಎಂದರು ಮೇಷ್ಟ್ರು.

"ಲೋ," ಎಂದಳು ಅಜ್ಜಿ, "ಎಲ್ಲರ ಮನೇಲೂ ನೀನು ಕೂತು ಹತ್ತಿ ಬಿಡಿಸ್ತೀಯಾ?"

ಮಗಳು ಫೋನನ್ನು ಮಗುಚಿ ಇಟ್ಟಳು.

"ಬೇರೆ ಯಾರದ್ದೋ ಇರಬೇಕಮ್ಮ. ತಪ್ಪಿ ಕಳಿಸಿದಾರೆ. ಊಟ ಮಾಡಿ."

ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಮೇಷ್ಟ್ರಿಗೆ ಸಮಾಧಾನವಾಗುತ್ತಿತ್ತು. ಸಿಟ್ಟು ಇರಲಿಲ್ಲ. ತಾವು ಆ ಕೌಂಟರಿನಲ್ಲಿ ಹೇಳಿದ ಮಾತನ್ನೇ ಮಗಳು ತಮ್ಮನ್ನು ಕಾಪಾಡಲು ಹೇಳುತ್ತಿದ್ದಾಳೆ ಎಂದು ಅವರಿಗೆ ಹೊಳೆಯಿತು. ಮಾಡಿದ್ದು ನಾನು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ತಟ್ಟೆಯಲ್ಲಿದ್ದುದನ್ನೆಲ್ಲ ತಲೆಯೆತ್ತದೆ ತಿಂದು, ಕೈ ತೊಳೆದುಕೊಂಡು ಅಂಗಡಿಗೆ ಹೋಗಿ ಕೂತರು. ಮೊದಲಿನಿಂದಲೂ ಅದು ಕಂಪನಿಯ ತಪ್ಪೇ. ಗಾದಿ ಹೊಲಿಯುವ ಮೊದಲೇ ಅದು ಕಾಯುತ್ತಿತ್ತು, ಸಹಾಯವಾಣಿಯವರು ವಾರಗಟ್ಟಲೆ ಕಾಗೆ ಹಾರಿಸಿದ್ದರು. ಆದರೆ ಕಂಪನಿ ಹುಡುಕುತ್ತಿದ್ದ ನೆಪವನ್ನು ಗೊಂಡೆ ಕಟ್ಟಿ ಹೊಲಿದು ಕೊಟ್ಟವರು ಮೇಷ್ಟ್ರೇ. ಇದನ್ನು ಇನ್ನು ಯಾರ ಮೇಲೆ ಹಾಕಬೇಕು?

ಮರುದಿನ ಬೆಳಿಗ್ಗೆ ಮೇಡಂ ಫೋನು ಬಂತು. ಉತ್ತರ ಅವರಿಗೂ ತಲುಪಿತ್ತು. ಮಗಳು ಹಿಂದಿನ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದಳು. ಪರದೆಯ ಆಚೆ ಮೇಷ್ಟ್ರು ಒಂದು ದಿಂಬಿಗೆ ಹತ್ತಿ ತುಂಬುತ್ತಿದ್ದರು. ಯಂತ್ರ ಹಾಕಿರಲಿಲ್ಲ. ಒಂದೊಂದು ಮಾತೂ ಕೇಳಿಸುತ್ತಿತ್ತು.

"ಹೌದು ಮೇಡಂ. ಫೋಟೋ ನಮ್ಮದೇ. ...ಇಲ್ಲ, ಕಂಪನಿ ತಪ್ಪು ಅಂತ ಹೇಳಿದ್ದು ನಾನೇ. ಸುಳ್ಳು ಹೇಳಿದೆ. ...ಗಾದಿ ಮೇಲೆ ಇಟ್ಕೊಂಡಿದ್ದೆ. ...ಮನೇಲಿ ಯಾರೂ ಹೇಳ್ಕೊಟ್ಟಿದ್ದಲ್ಲ ಮೇಡಂ. ನಮ್ಮಪ್ಪ ಹಾಸಿಗೆ ಕೆಲಸದವರು. ಹತ್ತಿ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಹತ್ತಿ ಬಿಸಿ ಹಿಡ್ಕೊಳ್ಳುತ್ತೆ, ಅದರ ಮೇಲೆ ಇಡ್ಬೇಡ ಅಂತ ಮೊದಲೇ ಹೇಳಿದ್ರು ಅವರು. ನಾನೇ ಕೇಳ್ಲಿಲ್ಲ."

ಮೇಷ್ಟ್ರ ಕೈ ಹತ್ತಿಯೊಳಗೇ ನಿಂತುಬಿಟ್ಟಿತು. ಎದುರಿಗೆ ನಿಂತು ಉಗಿದಿದ್ದರೂ ಇಷ್ಟು ಕುಗ್ಗುತ್ತಿರಲಿಲ್ಲ. ತಮಗೆ ಇಲ್ಲದ ಬುದ್ಧಿಯನ್ನು ಮಗಳು ತಮಗೆ ದಾನ ಮಾಡುತ್ತಿದ್ದಳು, ಅದೂ ತನ್ನ ಕೆಲಸವನ್ನು ಪಣಕ್ಕಿಟ್ಟು. ನೆಲ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದರು.

ಆ ಕಡೆಯಿಂದ ಮೇಡಂ ಏನೋ ಹೇಳಿದರು. ಮಗಳು ಬಹಳ ಹೊತ್ತು ಹೂಂಗುಟ್ಟಿದಳು. "ಆಯ್ತು ಮೇಡಂ. ಥ್ಯಾಂಕ್ಸ್ ಮೇಡಂ," ಎಂದು ಫೋನು ಇಟ್ಟಳು.

"ಏನಂದ್ರೇ?" ಎಂದಳು ತಾಯಿ ಅಡುಗೆಮನೆಯಿಂದ.

"ಕಾಯಂ ಜಾಗ ಆ ಇನ್ನೊಬ್ಬಳಿಗೆ ಹೋಯ್ತು. ಕೆಲಸದಿಂದ ತೆಗೆದಿಲ್ಲ. ಆಫೀಸಿಗೆ ಬಂದು ಅಲ್ಲಿನ ಮೆಷಿನ್ನಲ್ಲೇ ಮಾಡು, ಮೊದಲಿಂದ ಟ್ರಯಲ್, ಅಂದ್ರು. ಬರೀ ಹತ್ತಿ ವಿಷಯ ಆಗಿದ್ರೆ ಬಿಡ್ತಿದ್ದೆ, ಸುಳ್ಳು ಹೇಳ್ಬಾರದಿತ್ತು ಅಂದ್ರು."

ತಾಯಿ ಒದ್ದೆ ಕೈಯಲ್ಲೇ ಪರದೆ ದಾಟಿ ಅಂಗಡಿಗೆ ಬಂದಳು. ದಿಂಬಿನ ಮುಂದೆ ಕೂತಿದ್ದ ಗಂಡನನ್ನು ನೋಡಿದಳು.

"ಕೇಳಿಸ್ತಾ?"

ಮೇಷ್ಟ್ರು ತಲೆಯಾಡಿಸಿದರು.

"ಮತ್ತೆ ಇಲ್ಲಿ ಏನ್ ಮಾಡ್ತಿದೀರಾ? ಹೋಗಿ ಮಾತಾಡಿ."

"ಏನಂತ ಮಾತಾಡ್ಲಿ?"

"ಇಷ್ಟು ವರ್ಷ ಬೀದಿಗೆಲ್ಲ ಮಾತಾಡಿದೀರಲ್ಲ, ಮಗಳಿಗೆ ಎರಡು ಮಾತು ಸಿಗಲ್ವಾ?"

ಮೇಷ್ಟ್ರು ಎದ್ದರು. ಮೈಮೇಲಿನ ಹತ್ತಿಯನ್ನು ಕೊಡವಿಕೊಂಡರು. ಎಷ್ಟು ಕೊಡವಿದರೂ ಅಂಟಿಕೊಂಡೇ ಇದೆ ಅನ್ನಿಸಿ ಮತ್ತೆ ಕೊಡವಿಕೊಂಡರು. ಒಳಗೆ ಮಗಳು ಬರಿ ಮೇಜಿನ ಮುಂದೆ ಕೂತಿದ್ದಳು. ಅತ್ತಿರಲಿಲ್ಲ, ಅಳು ಎಂದೋ ಮುಗಿದಿತ್ತು.

"ನನಗೆ ಗೊತ್ತಿರ್ಲಿಲ್ಲ ಕಣೇ," ಎಂದರು ಮೇಷ್ಟ್ರು. ಆ ಮಾತು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. "ಹತ್ತಿ ಬಿಸಿ ಹಿಡ್ಕೊಳ್ಳುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ."

"ಅದು ನನಗೆ ಗೊತ್ತಪ್ಪ. ಆಮೇಲೆ?"

"ಆಮೇಲೆ ಅಂದ್ರೆ?"

"ಕೌಂಟರಲ್ಲಿ ಫೋಟೋ ತೋರಿಸಿರ್ತಾರಲ್ಲ. ಅದಾದ ಮೇಲೆ?"

ಮೂಲೆಯಲ್ಲಿ ಅಜ್ಜಿ ಗೋಡೆಯ ಕಡೆ ತಿರುಗಿ ಕೂತಳು. ಮಗ ತಲೆ ತಗ್ಗಿಸಿದ್ದನ್ನು ನೋಡಲು ಅವಳಿಗೆ ಮನಸ್ಸಾಗಲಿಲ್ಲ.

"ಆಮೇಲೆ ಗೊತ್ತಾಯ್ತು," ಎಂದರು ಮೇಷ್ಟ್ರು. "ನೋಡಿದ ತಕ್ಷಣ ಗೊತ್ತಾಯ್ತು. ಆ ಹುಡುಗೀನ ಬೈದು ಅಳಿಸಿ ಬಂದೆ. ನಿನ್ನ ಮುಂದೆ ಬಾಯಿ ಬಿಡೋಕೆ ನಾಚಿಕೆ ಆಯ್ತು. ನೀನು ಅವಮಾನ ಅಂತ ಬರೆದು ಓದಿದೆಯಲ್ಲ, ಆಗಲೂ ಚೆನ್ನಾಗಿದೆ ಅಂದೆ."

ಮಗಳು ಬೆರಳಿಂದ ಮೇಜಿನ ಮೇಲೆ ಏನನ್ನೋ ಗೀಚುತ್ತಿದ್ದಳು.

"ಒಂದು ಮಾತು ಹೇಳಿದ್ರೆ ಬೇಜಾರು ಮಾಡ್ಕೋಬೇಡಪ್ಪ," ಎಂದಳು. "ಫೋನಿನವನು ಹಾಸಿಗೆ, ದಿಂಬು ಅಂತ ಒಂದೊಂದೇ ಹೆಸರು ಹೇಳಿ ಕೇಳಿದ್ನಲ್ಲ, ಇಲ್ಲ ಅಂದೆ. ನಿನಗೆ ನೋವಾಗ್ಬಾರದು ಅಂತ ಹಾಗಂದೆ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಅದು ಸುಳ್ಳು. ಲ್ಯಾಪ್‌ಟಾಪಿಗೆ ನಮ್ಮಪ್ಪ ಗಾದಿ ಹೊಲಿದು ಕೊಟ್ಟಿದಾನೆ ಅಂದ್ರೆ ಅವನು ನಗ್ತಾನೆ ಅಂತ ನಾಚಿಕೆ ಆಯ್ತು. ಅಷ್ಟೇ."

ಮೇಷ್ಟ್ರು ಅಲ್ಲೇ, ಅವಳ ಕುರ್ಚಿಯ ಪಕ್ಕ, ನೆಲದ ಮೇಲೆ ಕೂತರು. ಬೇರೆ ದಿನವಾಗಿದ್ದರೆ ಇದಕ್ಕೂ ಒಂದು ಪಾಠ ಇರುತ್ತಿತ್ತು. ಇವತ್ತು ಇರಲಿಲ್ಲ.

"ನಗ್ತಿದ್ನಾ?" ಎಂದು ಕೇಳಿದರು.

"ನಗ್ತಿದ್ದ," ಎಂದಳು ಮಗಳು. "ನಕ್ಕು, ಅದನ್ನ ತೆಗೆದುಬಿಡಿ ಮೇಡಂ ಅಂತಿದ್ದ. ಅಷ್ಟಕ್ಕೇ ಮುಗೀತಿತ್ತು ಅಪ್ಪ."

ಒಳಗಿನಿಂದ ತಾಯಿ ಊಟಕ್ಕೆ ಕರೆದಳು. ಇಬ್ಬರೂ ಏಳಲಿಲ್ಲ.